ಸಂದಿಯಲ್ಲಿ ಸೋರಿದ ಗಾಳಿ

1961ರಲ್ಲಿ ಬೆಂಗಳೂರಿನಲ್ಲಿ ಐದು ತಿಂಗಳ ಅಂತರದಲ್ಲಿ ಎರಡು ಸಂಗತಿಗಳು ನಡೆದವು. ಜೂನ್ 17ರಂದು ಸುರಂಜನ್ ದಾಸ್ ಅವರು ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನ ರನ್‌ವೇಯಿಂದ ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನು ಮೊದಲ ಸಲ ಆಕಾಶಕ್ಕೇರಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ಫೈಟರ್ ವಿಮಾನಗಳನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್, ಇಲ್ಲಿನ ತರುಣ ಇಂಜಿನಿಯರುಗಳನ್ನು ಜೊತೆಗಿಟ್ಟುಕೊಂಡು ಸಿದ್ಧಪಡಿಸಿದ ವಿಮಾನ ಅದು. ನವೆಂಬರಿನಲ್ಲಿ ನಡೆದದ್ದು ಸದ್ದಿಲ್ಲದ ಕೆಲಸ. ಕಾನ್ಪುರದ ವಾಯುಪಡೆ ನೆಲೆಯಲ್ಲಿ 1959ರಲ್ಲಿ ಶುರುವಾಗಿದ್ದ ಪುಟ್ಟ ಗ್ಯಾಸ್ ಟರ್ಬೈನ್ ಸಂಶೋಧನಾ ಕೇಂದ್ರವೊಂದು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಅಡಿಯಲ್ಲಿ ಅದಕ್ಕೆ ಜಿಟಿಆರ್‌ಇ ಎಂಬ ಹೆಸರಾಯಿತು.

ಆಮೇಲಿನ ಅರವತ್ತು ವರ್ಷಗಳಲ್ಲಿ ಬೆಂಗಳೂರು ವಿಮಾನ ಕಟ್ಟಿತು, ಹೆಲಿಕಾಪ್ಟರ್ ಕಟ್ಟಿತು, ಉಪಗ್ರಹಗಳನ್ನೂ ಕಟ್ಟಿತು. ಆದರೆ ನಮ್ಮದೇ ವಿನ್ಯಾಸದ ಇಂಜಿನ್ ಹೊತ್ತು ನಮ್ಮದೇ ಫೈಟರ್ ವಾಯುಪಡೆಯ ಸೇವೆಗೆ ಬರುವ ದಿನ ಇನ್ನೂ ಬಂದಿಲ್ಲ. ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ಒಳಗಿನ ಬೆಂಕಿ ತಡೆಯುವ ಲೋಹ ನಮ್ಮಲ್ಲಿಲ್ಲ. ಅದು ಅರ್ಧ ಸತ್ಯ. ಉಳಿದರ್ಧ ಅಡಗಿರುವುದು ಒಂದು ಲೋಹದ ತುಂಡಿಗೂ ಪಕ್ಕದ ತುಂಡಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ. ಜೆಟ್ ಇಂಜಿನ್ನಿನ ಚರಿತ್ರೆಯಲ್ಲಿ ಹೊಸ ವಸ್ತುವೊಂದು ಬಂದಾಗಲೆಲ್ಲ ಸಂದಿ ಮುಚ್ಚುವ ವಿದ್ಯೆಯನ್ನು ಮೊದಲಿಂದ ಕಲಿಯಬೇಕಾಗಿ ಬಂದಿದೆ. ಈಗ ಸೆರಾಮಿಕ್ ಬಂದಿದೆ. ಪಾಠ ಮತ್ತೆ ಶುರುವಾಗಿದೆ.

ಬೇಕಾದ ಸೋರಿಕೆ, ಬೇಡದ ಸೋರಿಕೆ

ಟರ್ಬೈನ್ ಇಂಜಿನ್ನಿನ ಕೆಲಸ ಹೇಳಲು ಸರಳ. ಮುಂದಿನ ಕಂಪ್ರೆಸರ್ ಗಾಳಿಯನ್ನು ಹೀರಿ ಒತ್ತುತ್ತದೆ. ಒತ್ತಿದ ಗಾಳಿಯಲ್ಲಿ ಇಂಧನ ಉರಿಯುತ್ತದೆ. ಉರಿದ ಅನಿಲ ಟರ್ಬೈನ್ ಚಕ್ರವನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಆ ಚಕ್ರವೇ ಮುಂದಿನ ಕಂಪ್ರೆಸರನ್ನು ತಿರುಗಿಸುತ್ತದೆ. ಅನಿಲ ಎಷ್ಟು ಬಿಸಿಯಿದ್ದರೆ ಅಷ್ಟು ಬಲ. ತೊಡಕೆಂದರೆ, ಟರ್ಬೈನಿನ ನಿಕ್ಕಲ್ ಮಿಶ್ರಲೋಹ 1,300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗಲು ತೊಡಗುತ್ತದೆ, ಇಂದಿನ ಇಂಜಿನ್ನುಗಳ ಅನಿಲವೋ ಅದಕ್ಕಿಂತ ಬಿಸಿ. ಆದ್ದರಿಂದ ಕಂಪ್ರೆಸರ್ ಒತ್ತಿದ ಗಾಳಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಉರಿಸದೆ ಪಕ್ಕಕ್ಕೆ ತೆಗೆದು, ಟೊಳ್ಳಾದ ಬ್ಲೇಡುಗಳ ಹೊಟ್ಟೆಯೊಳಗೆ, ಅವುಗಳ ಸುತ್ತಲಿನ ಕವಚದ ಹಿಂಬದಿಗೆ ಹರಿಸುತ್ತಾರೆ. ಈ ಗಾಳಿಯೂ ಐನೂರು ಡಿಗ್ರಿ ದಾಟಿದ್ದೇ. ಬೆಂಕಿಯ ನಡುವೆ ಅದನ್ನೇ ತಂಪು ಗಾಳಿ ಎನ್ನುತ್ತಾರೆ.

ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸಿದ ತುಮಕೂರು ಜಿಲ್ಲೆಯ ಹಂದನಕೆರೆಯ ರೈತನಿಗೆ ಮುಂದಿನ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಡ್ರಿಪ್ ಎಂದರೆ ಲೆಕ್ಕ ಹಾಕಿ ಮಾಡಿದ ಸೋರಿಕೆ. ಮರದ ಬುಡದ ರಂಧ್ರದಲ್ಲಿ ಹನಿ ಬೀಳಲೇಬೇಕು. ಆದರೆ ಪೈಪಿನ ಜಾಯಿಂಟಿನಲ್ಲಿ ಸೋರಿದರೆ ಒತ್ತಡ ಬಿದ್ದುಹೋಗಿ ಸಾಲಿನ ಕೊನೆಯ ಮರಕ್ಕೆ ನೀರು ಮುಟ್ಟುವುದಿಲ್ಲ. ಪಂಪಿಗೆ ಉರಿದ ಕರೆಂಟು ಮಾತ್ರ ಅಷ್ಟೇ. ಟರ್ಬೈನಿನಲ್ಲೂ ಬ್ಲೇಡಿನ ಸಣ್ಣ ರಂಧ್ರಗಳಿಂದ ಹೊಮ್ಮುವ ಗಾಳಿ ಬೇಕಾದ ಸೋರಿಕೆ. ಅದು ಲೋಹದ ಮೈಮೇಲೆ ತೆಳುಪೊರೆಯಾಗಿ ಹಬ್ಬಿ ಬೆಂಕಿಯನ್ನು ದೂರವಿಡುತ್ತದೆ. ತುಂಡುಗಳ ಸಂದಿಯಲ್ಲಿ ಹೋಗುವುದು ಬೇಡದ ಸೋರಿಕೆ.

ಬೇಡದ ಸೋರಿಕೆಗೆ ಇಂಜಿನ್ ಮೂರು ಕಡೆ ದಂಡ ತೆರುತ್ತದೆ. ಆ ಗಾಳಿಯನ್ನು ಒತ್ತಲು ಕಂಪ್ರೆಸರ್ ಪಟ್ಟ ಶ್ರಮ ವ್ಯರ್ಥ. ಅದು ತಂಪು ಮಾಡಬೇಕಿದ್ದ ಭಾಗಕ್ಕೆ ತಂಪಿಲ್ಲ. ಮುಖ್ಯ ಹರಿವಿನೊಳಗೆ ಅಡ್ಡಾದಿಡ್ಡಿ ನುಗ್ಗಿ ಬಿಸಿ ಅನಿಲದ ದಾರಿಯನ್ನೂ ಕೆಡಿಸುತ್ತದೆ. ಇವೆಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೋರಿ ಸೋರಿ ಒಳಗಿನ ಒತ್ತಡ ಹೊರಗಿನ ಅನಿಲಕ್ಕಿಂತ ಕೆಳಗಿಳಿದರೆ ಬೆಂಕಿಯೇ ಸಂದಿಯ ಮೂಲಕ ಒಳನುಗ್ಗುತ್ತದೆ. ಬ್ಲೇಡುಗಳನ್ನು ಹಿಡಿದಿರುವ ಡಿಸ್ಕಿಗೆ ಆ ಬಿಸಿ ತಾಗಿದರೆ ಇಂಜಿನ್ನಿನ ಗತಿ ಮುಗಿಯಿತು. ಹಾಗಾಗಿ ಸೀಲ್ ಮಾಡುವವನ ಗುರಿ ಸಂದಿಯನ್ನು ಪೂರ್ತಿ ಬಿಗಿಯುವುದಲ್ಲ. ಎಷ್ಟು ಸೋರಬೇಕೋ ಅಷ್ಟೇ ಸೋರುವಂತೆ, ತಣ್ಣಗಿದ್ದಾಗಲೂ ಕಾದಾಗಲೂ ಅದೇ ಲೆಕ್ಕ ನಿಲ್ಲುವಂತೆ ಮಾಡುವುದು.

ಈ ವಿದ್ಯೆ ಜೆಟ್ ಇಂಜಿನ್ನಿಗಿಂತ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ಉಗಿ ಟರ್ಬೈನಿನ ತಿರುಗುವ ದಂಡದ ಸುತ್ತ ಸಾಲುಸಾಲು ಚೂಪು ಅಂಚುಗಳನ್ನಿಟ್ಟ. ಉಗಿ ಒಂದೊಂದು ಅಂಚು ದಾಟಿದಾಗಲೂ ಒತ್ತಡ ಕಳೆದುಕೊಂಡು ಸುಸ್ತಾಗುತ್ತಿತ್ತು. ಅದೇ ಲ್ಯಾಬಿರಿಂತ್ ಸೀಲ್. ಜೆಟ್ ಇಂಜಿನ್ ಬಂದ ಮೇಲೆ ಜೇನುಗೂಡಿನ ಕಣಗಳಿರುವ ಲೋಹದ ಒಳಮೈ ಸೇರಿತು. ಬ್ಲೇಡಿನ ತುದಿ ತಾಗಿದರೆ ಬ್ಲೇಡು ಸವೆಯದೆ ತಾನೇ ಸವೆಯುವ ಮೆದು ಲೇಪ ಬಂತು. ಕವಚದ ತುಂಡುಗಳ ನಡುವಿನ ಸೀಳಿನಲ್ಲಿ ಕೂರುವ ತೆಳು ಲೋಹದ ಪಟ್ಟಿ ಬಂತು. 1980ರ ದಶಕದಲ್ಲಿ ಸಾವಿರಾರು ಸಣ್ಣ ತಂತಿಗಳ ಬ್ರಷ್ ಸೀಲ್ ಕೂಡ ಬಳಕೆಗೆ ಬಂತು. ಇವೆಲ್ಲ ನಿಂತದ್ದು ಒಂದೇ ನಂಬಿಕೆಯ ಮೇಲೆ: ಸಂದಿಯ ಎರಡೂ ಬದಿಯಲ್ಲಿರುವುದು ಲೋಹ; ಕಾದಾಗ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ನಕ್ಷೆ ಬಂತು, ಕಾರಣ ಬರಲಿಲ್ಲ

ಬೆಂಗಳೂರಿನಲ್ಲಿ ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಉದ್ಯಮಶೀಲತೆ ಮತ್ತು ಮೈಸೂರು ಸರ್ಕಾರದ ಬೆಂಬಲದಿಂದ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ತೆರೆಯಿತು. 1957ರಲ್ಲಿ ಬ್ರಿಟನ್ನಿನ ಆರ್ಫಿಯಸ್ ಜೆಟ್ ಇಂಜಿನ್ನನ್ನು ಪರವಾನಗಿ ಪಡೆದು ತಯಾರಿಸಲು ಎಚ್‌ಎಎಲ್ ಇಂಜಿನ್ ವಿಭಾಗ ಶುರುವಾಯಿತು. 1960ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ದೆಹಲಿಯಿಂದ ಇಲ್ಲಿಗೆ ಬಂತು. ಹೀಗೆ ಸುಮಾರು ಎರಡು ದಶಕಗಳಲ್ಲಿ ಓದಿಸುವವರು, ಪರೀಕ್ಷಿಸುವವರು, ತಯಾರಿಸುವವರು ಒಂದೇ ಊರಿನಲ್ಲಿ ಸೇರಿದರು.

ಮರುತ್‌ಗೆ ಎರಡು ಆರ್ಫಿಯಸ್ ಇಂಜಿನ್ ಕೂರಿಸಿದರು. ವಿಮಾನದ ಮೈಕಟ್ಟು ಶಬ್ದವೇಗವನ್ನು ಮೀರಲು ತಕ್ಕದ್ದಾಗಿತ್ತು. ಇಂಜಿನ್ನಿನ ಬಲ ಸಾಲಲಿಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಹೆಚ್ಚು ಬಲದ ಆರ್ಫಿಯಸ್ ಯೋಜನೆ ನಿಂತುಹೋಯಿತು. ಈಜಿಪ್ಟಿನ ಇಂಜಿನ್ನನ್ನು ಕೂರಿಸಿ ನೋಡಿದ್ದೂ ಫಲ ಕೊಡಲಿಲ್ಲ. ಆಗ ಜಿಟಿಆರ್‌ಇ ಇಂಜಿನಿಯರುಗಳು ಆರ್ಫಿಯಸ್ಸಿನ ಬಾಲಕ್ಕೆ ರೀಹೀಟ್, ಅಂದರೆ ಹೊರಹೋಗುವ ಅನಿಲದಲ್ಲಿ ಇನ್ನೊಮ್ಮೆ ಇಂಧನ ಉರಿಸುವ ವ್ಯವಸ್ಥೆಯನ್ನು, ಜೋಡಿಸಲು ಕೈಹಾಕಿದರು. 1970ರ ಜನವರಿ 10ರಂದು ಆ ಮಾದರಿಯ ಮರುತ್ ಬೆಂಗಳೂರಿನಲ್ಲಿ ಟೇಕಾಫ್ ಆಗುತ್ತಿದ್ದಂತೆ ಬಿದ್ದಿತು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಎಚ್‌ಎಎಲ್ ಸುತ್ತಮುತ್ತ ಓಡಾಡುವ ಬೆಂಗಳೂರಿಗರು ಇವತ್ತಿಗೂ ಅವರ ಹೆಸರಿನ ರಸ್ತೆಯಲ್ಲೇ ಹೋಗಬೇಕು.

ಮುಂದೆ ಜಾಗ್ವಾರ್ ವಿಮಾನದ ಅಡೂರ್ ಇಂಜಿನ್ ಕೂಡ ಪರವಾನಗಿಯ ಮೇಲೆ ಎಚ್‌ಎಎಲ್‌ಗೆ ಬಂತು. ಪರವಾನಗಿಯಲ್ಲಿ ಸಿಗುವುದು ನಕ್ಷೆ. ಈ ತುಂಡಿಗೂ ಆ ತುಂಡಿಗೂ ಸಂದಿ ಇಷ್ಟು ಇರಬೇಕು ಎಂದು ನಕ್ಷೆ ಹೇಳುತ್ತದೆ. ಅಷ್ಟೇ ಏಕೆ, ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಏನಾಗುತ್ತದೆ, ಹಿಂದೆ ಯಾವ ಅಳತೆ ಇಟ್ಟು ಕೈಸುಟ್ಟುಕೊಂಡೆವು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅದು ಟೆಸ್ಟ್ ಬೆಡ್ಡಿನಲ್ಲಿ ಇಂಜಿನ್ ಓಡಿಸಿ, ಬಿಚ್ಚಿ, ಸವೆದ ಗುರುತನ್ನು ನೋಡಿ, ಮತ್ತೆ ಓಡಿಸಿದವರ ತಲೆಯಲ್ಲಿರುತ್ತದೆ. ಮಾರುವವರು ನಕ್ಷೆ ಮಾರುತ್ತಾರೆ, ತಲೆ ಮಾರುವುದಿಲ್ಲ. ಎಚ್‌ಎಎಲ್ ತಯಾರಿಕೆಯಲ್ಲಿ ಪಳಗಿತು. ಆದರೆ ಆ ಅಳತೆಗಳ ಹಿಂದಿನ ಕಾರಣವನ್ನು ಜಿಟಿಆರ್‌ಇ ತಾನೇ ಹುಡುಕಬೇಕಾಯಿತು. ಅದರ ಮೊದಲ ದೊಡ್ಡ ಪ್ರಯತ್ನವಾದ ಜಿಟಿಎಕ್ಸ್-37 ಇಂಜಿನ್ 1977ರಲ್ಲಿ ಓಡಿತು. ಆ ಇಂಜಿನ್ ಯಾವ ವಿಮಾನಕ್ಕೂ ಸೇರಲಿಲ್ಲ. ಆದರೂ ಅದರಲ್ಲಿ ಕಲಿತವರೇ ಮುಂದಿನ ಕೆಲಸಕ್ಕೆ ಇಳಿದರು.

ಕಬಿನಿ, ಕಾವೇರಿ

1989ರ ಮಾರ್ಚಿನಲ್ಲಿ ಸರ್ಕಾರ 382 ಕೋಟಿ 81 ಲಕ್ಷ ರೂಪಾಯಿ ಮಂಜೂರು ಮಾಡಿ, ಲಘು ಯುದ್ಧವಿಮಾನಕ್ಕೆ ಇಂಜಿನ್ ಕೊಡಿ ಎಂದಿತು. ಗಡುವು 1996ರ ಡಿಸೆಂಬರ್. ಇಂಜಿನ್ನಿಗೆ ಕಾವೇರಿ ಎಂದು ಹೆಸರಿಟ್ಟರು. ಕಂಪ್ರೆಸರ್, ದಹನಕೋಣೆ, ಟರ್ಬೈನ್ ಸೇರಿದ ಒಳತಿರುಳಿಗೆ ಕಾವೇರಿಗೆ ನೀರು ತರುವ ಕಬಿನಿಯ ಹೆಸರು. ಕಬಿನಿ ಮೊದಲ ಸಲ ಓಡಿದ್ದು 1995ರ ಮಾರ್ಚಿನಲ್ಲಿ. ಮೂರು ಹಂತದ ಫ್ಯಾನ್, ಆರು ಹಂತದ ಕಂಪ್ರೆಸರ್, ಎರಡು ಟರ್ಬೈನ್ ಚಕ್ರ; ರೀಹೀಟ್ ಹಾಕಿದರೆ 81 ಕಿಲೋನ್ಯೂಟನ್ ನೂಕುಬಲ; ಟರ್ಬೈನ್ ಬಾಗಿಲಲ್ಲಿ ಅನಿಲದ ಬಿಸಿ 1,400 ಡಿಗ್ರಿಯ ಆಸುಪಾಸು. ಇವು ಕಾಗದದ ಮೇಲಿನ ಗುರಿಗಳು.

ಬೇರೆ ದೇಶಗಳ ಕಂಪನಿಗಳು ನಾಲ್ಕೈದು ಪೀಳಿಗೆಯ ಇಂಜಿನ್ನುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಎತ್ತರವನ್ನು ಕಾವೇರಿ ಒಂದೇ ನೆಗೆತದಲ್ಲಿ ಹತ್ತಬೇಕಿತ್ತು. ತೂಕ 1,100 ಕಿಲೋ ಇರಬೇಕಿದ್ದದ್ದು 1,235 ಕಿಲೋ ಆಯಿತು. ನೂಕುಬಲ ಗುರಿ ಮುಟ್ಟಲಿಲ್ಲ. 2001ರ ಜನವರಿ 4ರಂದು ಆ ಲಘು ಯುದ್ಧವಿಮಾನ, ಅಂದರೆ ತೇಜಸ್, ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದಾಗ ಅದರ ಒಳಗಿದ್ದದ್ದು ಅಮೆರಿಕದ ಜಿಇ ಕಂಪನಿಯ ಎಫ್404 ಇಂಜಿನ್. 2004ರಲ್ಲಿ ಕಾವೇರಿ ರಷ್ಯಾದಲ್ಲಿ ನಡೆದ ಎತ್ತರದ ಪರೀಕ್ಷೆಯಲ್ಲಿ ಸೋತಿತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಿದರು. 2010ರ ನವೆಂಬರ್ 3ರಂದು ಮಾಸ್ಕೋ ಬಳಿಯ ಗ್ರೊಮೊವ್ ಸಂಸ್ಥೆಯಲ್ಲಿ ಐಎಲ್-76 ವಿಮಾನದ ರೆಕ್ಕೆಗೆ ಒಂದು ಇಂಜಿನ್ನಿನ ಬದಲಾಗಿ ಕಾವೇರಿಯನ್ನು ಕಟ್ಟಿ, 6,000 ಮೀಟರ್ ಎತ್ತರದವರೆಗೆ ಒಂದು ಗಂಟೆಗೂ ಮೀರಿ ಹಾರಿಸಿದರು. ಅದು ಗೆಲುವೇ. ಆದರೆ ಆ ಹೊತ್ತಿಗೆ ಅದನ್ನು ಕಾಯುತ್ತಿದ್ದ ವಿಮಾನ ಬೇರೆ ಇಂಜಿನ್ನಿನೊಡನೆ ಹೊರಟುಹೋಗಿತ್ತು.

ಇಲ್ಲಿ ಸೋರಿಕೆಯೊಂದನ್ನೇ ದೂರಿದರೆ ತಪ್ಪಾದೀತು. ಬ್ಲೇಡಿನ ಲೋಹ, ಕಂಪ್ರೆಸರಿನ ತಾಳಿಕೆ, ನಿಯಂತ್ರಣ ವ್ಯವಸ್ಥೆ, ತೂಕ ಎಲ್ಲವೂ ಕಾಡಿದವು. ಆದರೆ ಈ ತೊಂದರೆಗಳು ಒಂದನ್ನೊಂದು ಎಳೆದು ತರುತ್ತವೆ. ಲೋಹ ಬಿಸಿ ತಡೆಯದಿದ್ದರೆ ಹೆಚ್ಚು ತಂಪು ಗಾಳಿ ಬೇಕು. ಹೆಚ್ಚು ಗಾಳಿ ತೆಗೆದರೆ ಉರಿಸಲು ಉಳಿಯುವುದು ಕಡಿಮೆ, ನೂಕುಬಲ ಕಡಿಮೆ. ಅದನ್ನು ಸರಿದೂಗಿಸಲು ಇನ್ನಷ್ಟು ಬಿಸಿ ಮಾಡಿದರೆ ಮತ್ತೆ ಲೋಹದ ಬಾಗಿಲಿಗೇ ಬಂದು ನಿಲ್ಲಬೇಕು. ಒಂಬತ್ತು ಪೂರ್ಣ ಇಂಜಿನ್, ನಾಲ್ಕು ಒಳತಿರುಳು ಕಟ್ಟಿ ಮೂರು ಸಾವಿರಕ್ಕೂ ಹೆಚ್ಚು ಗಂಟೆ ಓಡಿಸಿದ ಮೇಲೆ ಜಿಟಿಆರ್‌ಇ ಕೈಯಲ್ಲಿ ಉಳಿದದ್ದು ಈ ಸರಪಳಿಯ ಪ್ರತಿ ಕೊಂಡಿಯ ಪರಿಚಯ. ಎತ್ತರದ ಪರೀಕ್ಷೆಗೂ ಹಾರುವ ಟೆಸ್ಟ್ ಬೆಡ್ಡಿಗೂ ಪ್ರತಿ ಸಲ ರಷ್ಯಾದವರೆಗೆ ಹೋಗಬೇಕಾಗಿ ಬಂದದ್ದು ಆ ಪರಿಚಯವನ್ನು ಇನ್ನಷ್ಟು ನಿಧಾನ ಮಾಡಿತು.

ಸಾಣೆಕಲ್ಲಿನ ಪುಡಿಯಿಂದ ನೂಲು

ಬೆಂಗಳೂರು ಲೋಹದೊಡನೆ ಗುದ್ದಾಡುತ್ತಿದ್ದ ಕಾಲದಲ್ಲೇ ಜಗತ್ತಿನ ಇನ್ನೊಂದು ತುದಿಯಲ್ಲಿ ಲೋಹವನ್ನೇ ಬಿಟ್ಟುಬಿಡುವ ಯೋಚನೆ ನಡೆದಿತ್ತು. ಅದಕ್ಕೆ ಆರಿಸಿಕೊಂಡದ್ದು ಸಿಲಿಕಾನ್ ಕಾರ್ಬೈಡ್. ಮಚ್ಚು ಕುಡುಗೋಲು ಮಸೆಯುವ ಹಲವು ಸಾಣೆಕಲ್ಲುಗಳಲ್ಲಿರುವುದು ಇದೇ ಪುಡಿ. 1890ರ ದಶಕದಿಂದಲೇ ಮರಳನ್ನೂ ಕೋಕ್ ಇದ್ದಿಲನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಇದನ್ನು ಮಾಡುತ್ತಿದ್ದಾರೆ. ಗಡಸು, ಹಗುರ, ಬಿಸಿಗೆ ಜಗ್ಗದು. ದೋಷ ಒಂದೇ: ಪೆಟ್ಟು ಬಿದ್ದರೆ ಒಡೆದು ಚೂರಾಗುತ್ತದೆ.

1975ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸೇಶಿ ಯಾಜಿಮಾ, ಸಿಲಿಕಾನ್ ಇರುವ ಪ್ಲಾಸ್ಟಿಕ್ಕಿನಂಥ ಪದಾರ್ಥದಿಂದ ಎಳೆ ತೆಗೆದು, ಅದನ್ನು ಸುಟ್ಟು ಸಿಲಿಕಾನ್ ಕಾರ್ಬೈಡ್ ನೂಲು ಮಾಡುವ ದಾರಿ ತೋರಿಸಿದರು. ನಿಪ್ಪಾನ್ ಕಾರ್ಬನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಈ ನೂಲಿಗೆ ಬೋರಾನ್ ನೈಟ್ರೈಡಿನ ತೆಳುಲೇಪ ಕೊಟ್ಟು, ನೇಯ್ದು ಅಥವಾ ಪದರಪದರವಾಗಿ ಜೋಡಿಸಿ, ನಡುವಿನ ಜಾಗವನ್ನೂ ಸಿಲಿಕಾನ್ ಕಾರ್ಬೈಡಿನಿಂದಲೇ ತುಂಬಿದರೆ ಸೆರಾಮಿಕ್ ಮ್ಯಾಟ್ರಿಕ್ಸ್ ಕಾಂಪೊಸಿಟ್ ಆಗುತ್ತದೆ. ಬಿರುಕು ಹುಟ್ಟಿದರೂ ನೂಲಿನ ಬಳಿ ಬಂದು ದಾರಿ ತಪ್ಪುತ್ತದೆ, ತುಂಡು ಒಡೆಯದೆ ನಿಲ್ಲುತ್ತದೆ. ತೂಕ ನಿಕ್ಕಲ್ ಲೋಹದ ಮೂರನೇ ಒಂದು ಪಾಲು. ಲೋಹ ಕೈಚೆಲ್ಲುವ ಬಿಸಿಯಲ್ಲಿ ಇದು ಕೆಲಸ ಮಾಡುತ್ತದೆ.

ಫ್ರಾನ್ಸ್ 1996ರಲ್ಲಿ ರಫೇಲ್ ವಿಮಾನದ ಎಂ88 ಇಂಜಿನ್ನಿನ ಬಾಲದ ಹೊರರೆಕ್ಕೆಗಳಿಗೆ ಸೆರಾಮಿಕ್ ಹಾಕಿತು. ಅಮೆರಿಕದ ಜಿಇ ಅದನ್ನು ಮೊದಲು ನೆಲದ ಮೇಲಿನ ವಿದ್ಯುತ್ ಟರ್ಬೈನಿನಲ್ಲಿ ಸಾವಿರಾರು ಗಂಟೆ ಓಡಿಸಿ ನೋಡಿ, ಆಮೇಲೆ ವಿಮಾನಕ್ಕೆ ತಂದಿತು. 2016ರ ಆಗಸ್ಟಿನಲ್ಲಿ ಸೇವೆಗೆ ಬಂದ ಲೀಪ್ ಇಂಜಿನ್ನಿನಲ್ಲಿ ಅಧಿಕ ಒತ್ತಡದ ಟರ್ಬೈನ್ ಬ್ಲೇಡುಗಳ ಸುತ್ತ ಉಂಗುರದಂತೆ ನಿಲ್ಲುವ ಶ್ರೌಡ್‌ಗಳು ಸೆರಾಮಿಕ್ಕಿನವು. ಒಂದು ಇಂಜಿನ್ನಿಗೆ 18 ತುಂಡು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಆಕಾಸಾ ಏರ್ ವಿಮಾನ ಹತ್ತುವ ಪ್ರಯಾಣಿಕರನ್ನು ಹೊತ್ತೊಯ್ಯುವುದು ಈ ಬಗೆಯ ಇಂಜಿನ್ನೇ. ಮುಂದಿನ ಜಿಇ9ಎಕ್ಸ್ ಇಂಜಿನ್ನಿನಲ್ಲಿ ದಹನಕೋಣೆಯ ಒಳಮೈ, ನಾಝಲ್‌ಗಳು, ಶ್ರೌಡ್‌ಗಳು ಎಲ್ಲಕ್ಕೂ ಸೆರಾಮಿಕ್ ಬಂತು.

ಹದಿನೆಂಟು ತುಂಡು, ಹದಿನೆಂಟು ಸಂದಿ

18 ತುಂಡುಗಳ ಉಂಗುರ ಎಂದರೆ 18 ಸಂದಿಗಳ ಉಂಗುರ ಎಂದೂ ಅರ್ಥ. ಉಂಗುರದ ಒಳಗಡೆ ಬೆಂಕಿ, ಹೊರಗಡೆ ಒತ್ತಡದ ತಂಪು ಗಾಳಿ. ಲೋಹದ ಕಾಲದ ಸೀಲ್ ಪಾಠಗಳೆಲ್ಲ ಇಲ್ಲಿ ಒಂದೊಂದಾಗಿ ಕೈಕೊಟ್ಟವು.

ಮೊದಲನೆಯದು ಹಿಗ್ಗುವಿಕೆ. 100 ಮಿಲಿಮೀಟರ್ ಉದ್ದದ ನಿಕ್ಕಲ್ ಲೋಹದ ತುಂಡು ಸಾವಿರ ಡಿಗ್ರಿ ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಸೆರಾಮಿಕ್ ಹಿಗ್ಗುವುದು ಅರ್ಧ ಮಿಲಿಮೀಟರ್. ಶ್ರೌಡ್ ಸೆರಾಮಿಕ್ ಆದರೂ ಅದನ್ನು ನೇತುಹಾಕುವ ಹ್ಯಾಂಗರ್, ಹೊರಗಿನ ಕೇಸಿಂಗ್ ಲೋಹವೇ. ಲೋಹದ ಕೊಕ್ಕೆ ಸೆರಾಮಿಕ್ಕನ್ನು ಹೊರಗಿನಿಂದ ಹಿಡಿದಿದ್ದರೆ ಬಿಸಿಯಲ್ಲಿ ಹಿಡಿತ ಸಡಿಲವಾಗಿ ಗಾಳಿ ಸೋರುತ್ತದೆ. ಸೆರಾಮಿಕ್ಕಿನ ತೂತಿನಲ್ಲಿ ಲೋಹದ ಪಿನ್ ಕೂತಿದ್ದರೆ ಪಿನ್ ಹಿಗ್ಗಿ ತೂತಿನ ಅಂಚನ್ನು ಸೀಳಲು ನೋಡುತ್ತದೆ. ಆದ್ದರಿಂದ ತಣ್ಣಗಿರುವಾಗ ಎಷ್ಟು ಸಡಿಲ ಬಿಟ್ಟರೆ ಬಿಸಿಯಲ್ಲಿ ಸರಿಯಾದೀತು ಎಂದು ಹಿಂದುಮುಂದಾಗಿ ಲೆಕ್ಕ ಹಾಕಬೇಕು. ವಿಮಾನ ಮೇಲೇರುವಾಗ ಒಂದು ಬಿಸಿ, ನೇರ ಹಾರುವಾಗ ಒಂದು, ಇಳಿಯುವಾಗ ಇನ್ನೊಂದು. ಮೂರರಲ್ಲೂ ಸೀಲ್ ತನ್ನ ಜಾಗದಲ್ಲಿರಬೇಕು.

ಎರಡನೆಯದು ಸೀಳು. ಪಕ್ಕಪಕ್ಕದ ತುಂಡುಗಳ ಅಂಚಿನಲ್ಲಿ ಎದುರುಬದುರು ಸೀಳು ಕೊರೆದು ಅದರಲ್ಲಿ ತೆಳುವಾದ ಲೋಹದ ಪಟ್ಟಿ ಇಡುವುದು ಹಳೆಯ ಕ್ರಮ. ತಂಪು ಗಾಳಿಯ ಒತ್ತಡವೇ ಪಟ್ಟಿಯನ್ನು ಸೀಳಿನ ಗೋಡೆಗೆ ಒತ್ತಿ ಸಂದಿ ಮುಚ್ಚುತ್ತದೆ. ಸೆರಾಮಿಕ್ಕಿನಲ್ಲಿ ಸೀಳು ಕೊರೆಯಲು ವಜ್ರದ ಉಪಕರಣ ಬೇಕು. ಕೊರೆದಲ್ಲಿ ನೂಲುಗಳು ತುಂಡಾಗಿ, ಅವುಗಳ ಬೋರಾನ್ ನೈಟ್ರೈಡ್ ಲೇಪ ತೆರೆದುಕೊಂಡು, ಬಿಸಿ ಗಾಳಿಯ ಆಮ್ಲಜನಕ ಮತ್ತು ತೇವ ಅದನ್ನು ತಿನ್ನಲು ದಾರಿಯಾಗುತ್ತದೆ. ನೇಯ್ಗೆಯ ಉಬ್ಬುತಗ್ಗು ಮೇಲ್ಮೈಯಲ್ಲಿ ಉಳಿದಿದ್ದರೆ ಪಟ್ಟಿ ಸಮನಾಗಿ ಕೂರುವುದಿಲ್ಲ. ಪ್ರತಿ ತಗ್ಗೂ ಒಂದು ಸಣ್ಣ ಕಾಲುವೆಯಾಗುತ್ತದೆ. ಉಜ್ಜಿ ನಯಮಾಡಬೇಕು, ಇಲ್ಲವೇ ಇನ್ನೊಂದು ಲೇಪ ಕೊಡಬೇಕು.

ಮೂರನೆಯದು ರಸಾಯನ. ಸೆರಾಮಿಕ್ಕಿನ ಸಿಲಿಕಾನ್ ಮತ್ತು ಪಟ್ಟಿಯ ನಿಕ್ಕಲ್ ಅಧಿಕ ಬಿಸಿಯಲ್ಲಿ ಗಂಟೆಗಟ್ಟಲೆ ಒತ್ತಿಕೊಂಡು ಕೂತರೆ ಒಂದರೊಳಗೊಂದು ಬೆರೆತು, ಎರಡಕ್ಕಿಂತಲೂ ಬೇಗ ಕರಗುವ ಸಿಲಿಸೈಡ್‌ಗಳಾಗುತ್ತವೆ. ಹೀಗಾಗಿ ಅವು ತಾಗುವ ಜಾಗವನ್ನು ತಂಪಾಗಿಡಬೇಕು, ಅಥವಾ ನಡುವೆ ತಡೆಲೇಪ ಇಡಬೇಕು. ಬೆಂಕಿಗೆ ಮುಖ ಮಾಡಿದ ಬದಿಯಲ್ಲಿ ಇನ್ನೊಂದು ಕಾಟ: ಇಂಧನ ಉರಿದಾಗ ಹುಟ್ಟುವ ನೀರಾವಿ ಸೆರಾಮಿಕ್ಕಿನ ಮೇಲಿನ ಸಿಲಿಕಾ ಪೊರೆಯನ್ನು ಅನಿಲವಾಗಿಸಿ ಒಯ್ಯುತ್ತದೆ. 1990ರ ದಶಕದಲ್ಲಿ ನಾಸಾ ಮತ್ತು ಇಂಜಿನ್ ಕಂಪನಿಗಳು ಸೇರಿ ಇದಕ್ಕೆಂದೇ ಹಲವು ಪದರಗಳ ರಕ್ಷಾಲೇಪವನ್ನು ಬೆಳೆಸಿದವು.

ನಾಲ್ಕನೆಯದು ಒತ್ತಡ. ಹೊರಗಿನ ತಂಪು ಗಾಳಿ ಶ್ರೌಡನ್ನು ಒಳಕ್ಕೆ ದಬ್ಬುತ್ತಿರುತ್ತದೆ. ಪದರಪದರವಾಗಿ ಕಟ್ಟಿದ ಸೆರಾಮಿಕ್ ನೂಲಿನ ಉದ್ದಕ್ಕೆ ಎಳೆದರೆ ಗಟ್ಟಿ, ಪದರಗಳ ನಡುವೆ ಸೀಳಿದರೆ ದುರ್ಬಲ. ಹೀಗಾಗಿ ಸೀಲನ್ನು ಎಲ್ಲಿಡಬೇಕು ಎಂಬುದೇ ವಿನ್ಯಾಸದ ತಿರುಳಾಯಿತು: ಬಿಸಿ ಸೆರಾಮಿಕ್ ಮೇಲೆ ಬೀಳಲಿ, ಒತ್ತಡ ಆದಷ್ಟೂ ಲೋಹದ ಮೇಲೆ ಬೀಳಲಿ.

ಇಷ್ಟೆಲ್ಲ ಪಾಡಿನ ಹಿಂದೆ ಒಂದು ಲೆಕ್ಕವಿದೆ, ಅದನ್ನು ಮರೆತರೆ ಸೆರಾಮಿಕ್ ಬರೀ ದುಬಾರಿ ಶೋಕಿ. ಈ ವಸ್ತುವನ್ನು ತಂದದ್ದೇ ತಂಪು ಗಾಳಿ ಉಳಿಸಲೆಂದು. ಆದರೆ ತುಂಡಿಗೆ ಬೇಕಾದ ಗಾಳಿ ಕಡಿಮೆಯಾದಷ್ಟೂ ಸಂದಿಯಲ್ಲಿ ಸೋರುವ ಗಾಳಿಯ ಪಾಲು ದೊಡ್ಡದಾಗುತ್ತದೆ. ಲೋಹದ ಕಾಲದಲ್ಲಿ ಸಹಿಸಿಕೊಂಡಿದ್ದ ಸೋರಿಕೆ ಸೆರಾಮಿಕ್ ಕಾಲದಲ್ಲಿ ಇಡೀ ಉಳಿತಾಯವನ್ನೇ ನುಂಗಬಹುದು.

ಮತ್ತೆ ಬೆಂಗಳೂರು, ಈಗ ತೆಂಗಿನ ಸೀಮೆ

ಈ ಕೆಲಸಕ್ಕೆ ಬೆಂಗಳೂರು ಹೊರಗಿನದಲ್ಲ. ಎನ್‌ಎಎಲ್‌ನ ವಸ್ತುವಿಜ್ಞಾನ ವಿಭಾಗ ಅನಿಲವನ್ನು ನೂಲಿನ ನೇಯ್ಗೆಯೊಳಗೆ ಇಳಿಸಿ ಅಲ್ಲೇ ಸಿಲಿಕಾನ್ ಕಾರ್ಬೈಡ್ ಆಗಿ ಕೂರಿಸುವ ವಿಧಾನದಲ್ಲಿ, ಬೋರಾನ್ ನೈಟ್ರೈಡ್ ಲೇಪದ ನೂಲು ಬಳಸಿ ಕಾಂಪೊಸಿಟ್ ತಯಾರಿಸಿ, 2011ರ ಹೊತ್ತಿಗೆ ಅದರ ಬಲಾಬಲವನ್ನು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿತ್ತು. ವೈಟ್‌ಫೀಲ್ಡ್‌ನಲ್ಲಿ 2000ದಲ್ಲಿ ತೆರೆದ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರದ ಇಂಜಿನಿಯರುಗಳು ಆ ಕಂಪನಿಯ ಹೊಸ ಇಂಜಿನ್ನುಗಳ ವಿನ್ಯಾಸದಲ್ಲಿ ಕೈಜೋಡಿಸಿದ್ದಾರೆ. ಆದರೆ ಅಲ್ಲಿ ಕಲಿತದ್ದು ಆ ಕಂಪನಿಯ ಸ್ವತ್ತು. ಅದೇ ನಗರದ ಜಿಟಿಆರ್‌ಇಗೆ ಅದು ರಸ್ತೆ ದಾಟಿ ಬರುವುದಿಲ್ಲ.

2023ರ ಜೂನ್‌ನಲ್ಲಿ ಎಚ್‌ಎಎಲ್ ಮತ್ತು ಜಿಇ, ಎಫ್414 ಇಂಜಿನ್ನನ್ನು ಭಾರತದಲ್ಲಿ ತಯಾರಿಸುವ ಒಡಂಬಡಿಕೆಗೆ ಸಹಿ ಹಾಕಿದವು. ತಿರುಗುವ ಸೆರಾಮಿಕ್ ಬ್ಲೇಡುಗಳನ್ನು ಜಿಇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ್ದು ಇದೇ ಎಫ್414 ಇಂಜಿನ್ನಿನಲ್ಲಿ. 2025ರ ಆಗಸ್ಟಿನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಫ್ರಾನ್ಸಿನ ಸಫ್ರಾನ್ ಜೊತೆಗೂಡಿ ಮುಂದಿನ ಪೀಳಿಗೆಯ ಫೈಟರ್ ಇಂಜಿನ್ನನ್ನು ಭಾರತದಲ್ಲೇ ರೂಪಿಸುವ ಮಾತಾಡಿದರು. ರಫೇಲ್‌ನ ಎಂ88 ಇಂಜಿನ್ ಸಫ್ರಾನ್‌ನದ್ದೇ. ಆರ್ಫಿಯಸ್ ಕಾಲದ ಪ್ರಶ್ನೆ ಹೀಗೆ ಮತ್ತೆ ಎದುರಿಗಿದೆ: ಬರುವುದು ನಕ್ಷೆಯೋ, ಕಾರಣವೋ?

ಈ ಪ್ರಶ್ನೆ ಈಗ ಬೆಂಗಳೂರಿಗಷ್ಟೇ ಸೇರಿದ್ದಲ್ಲ. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಅದು ನೆರೆಮನೆ. ಅಲ್ಲಿ ಕಟ್ಟುವ ಮೂರು ಟನ್ ವರ್ಗದ ಲಘು ಹೆಲಿಕಾಪ್ಟರಿಗೆ ಒಂದೇ ಟರ್ಬೈನ್ ಇಂಜಿನ್. ಫ್ರಾನ್ಸಿನ ವಿನ್ಯಾಸದ ಆರ್ಡಿಡೆನ್ ಕುಟುಂಬದ್ದು. ಅಂಥ ಹೆಲಿಕಾಪ್ಟರುಗಳನ್ನು ಗಮನದಲ್ಲಿಟ್ಟು ಎಚ್‌ಎಎಲ್ ತನ್ನದೇ 1,200 ಕಿಲೋವ್ಯಾಟ್ ವರ್ಗದ ಎಚ್‌ಟಿಎಸ್‌ಇ ಇಂಜಿನ್ನನ್ನೂ 2018ರಲ್ಲಿ ಓಡಿಸಿ ನೋಡಿದೆ. ಈ ಸಣ್ಣ ಇಂಜಿನ್ನುಗಳ ಟರ್ಬೈನ್ ಇಂದು ಲೋಹದ್ದೇ. ಆದರೆ ಇಂಜಿನ್ ಚಿಕ್ಕದಾದಷ್ಟೂ ಸಂದಿಯ ಮಹತ್ವ ದೊಡ್ಡದು: ಬ್ಲೇಡು ಗಿಡ್ಡವಾದರೂ ತಯಾರಿಕೆಯಲ್ಲಿ ಸಾಧ್ಯವಾಗುವ ಸಂದಿ ಅದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ.

ಕೊಬ್ಬರಿಯ ಧಾರಣೆಗೆ ಬದುಕನ್ನು ಕಟ್ಟಿಕೊಂಡ ಸೀಮೆಗೆ ಕಾರ್ಖಾನೆ ಎಂದರೆ ಮೊದಲು ನೆನಪಾಗುವುದು ಕೆಲಸ. ಹಂದನಕೆರೆ, ಶೆಟ್ಟಿಕೆರೆ, ಹುಳಿಯಾರು ಕಡೆಯ ಹುಡುಗ ಹುಡುಗಿಯರಿಗೆ ಅದು ಸಿಗಲೇಬೇಕು. ಅದರಾಚೆಗೂ ಕೇಳಬೇಕಾದ್ದೊಂದಿದೆ. ಸಂದಿಯೊಂದು ಎಷ್ಟು ಸೋರುತ್ತದೆ ಎಂದು ತಿಳಿಯುವ ಮೊದಲ ಹಂತಕ್ಕೆ ಬೆಂಕಿ ಬೇಕಿಲ್ಲ, ಸಾವಿರ ಕೋಟಿಯೂ ಬೇಕಿಲ್ಲ. ಒಂದು ಕಂಪ್ರೆಸರ್, ಒತ್ತಡ ತಡೆಯುವ ಪೆಟ್ಟಿಗೆ, ಹರಿವಿನ ಮೀಟರು, ನಿಖರವಾಗಿ ಕೊರೆದ ಎರಡು ತುಂಡು, ನಡುವೆ ಒಂದು ಪಟ್ಟಿ. ತುಮಕೂರಿನ ಸಿದ್ದಗಂಗಾ ತಾಂತ್ರಿಕ ವಿದ್ಯಾಲಯದಲ್ಲೋ ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯದಲ್ಲೋ ಇಂಥ ಪೆಟ್ಟಿಗೆ ಇಟ್ಟು, ಸಂದಿಯ ಅಗಲ, ಪಟ್ಟಿಯ ದಪ್ಪ, ಮೇಲ್ಮೈಯ ಒರಟುತನ ಬದಲಿಸುತ್ತ ಅಂಕಿ ಬರೆದಿಡಬಹುದು. ಬಿಸಿಯ ಪರೀಕ್ಷೆ ಜಿಟಿಆರ್‌ಇ, ಎನ್‌ಎಎಲ್‌ಗಳ ಪಾಲಿಗಿರಲಿ. ಕಾವೇರಿ ಸೋತದ್ದು ಬುದ್ಧಿಯ ಕೊರತೆಯಿಂದಲ್ಲ. ಓಡಿಸಿ, ಕೆಡಿಸಿ, ಬಿಚ್ಚಿ ನೋಡುವ ಗಂಟೆಗಳು ಮತ್ತು ಜಾಗಗಳು ಸಾಲದೆ. ಆ ಗಂಟೆಗಳು ನಾಲ್ಕು ಗೋಡೆಗಳ ಒಂದೇ ಪ್ರಯೋಗಾಲಯದಲ್ಲಿ ಕೂಡಿಬರುವುದಿಲ್ಲ. ಹತ್ತಾರು ಕಾಲೇಜು, ನೂರಾರು ಕೈ, ಹಲವು ವರ್ಷಗಳ ಅಂಕಿಪುಸ್ತಕಗಳು ಸೇರಿದಾಗ, ಈ ಸಂದಿ ಇಷ್ಟೇ ಏಕಿರಬೇಕು ಎಂಬ ಪ್ರಶ್ನೆಗೆ ಉತ್ತರ ನಮ್ಮದಾಗುತ್ತದೆ. ಇಂಜಿನ್ ನಮ್ಮದಾಗುವುದು ಆಮೇಲೆ.